ನಿಂತು ನುಡಿಸುವವಳು

ಗುಫೂಲ್, ಮನಾಮ
5 ಸೆಪ್ಟೆಂಬರ್ 2025

ಪೂಜ್ಯ ಮಾಸ್ಟ್ರಿಗೆ ಉಷಾಲತಾಳ ನಮಸ್ಕಾರಗಳು.

ಈ ಕಾಗದ ಕೈಗೆ ಬಂದಾಗ ನೀವು ಕನ್ನಡಕ ಹುಡುಕುತ್ತೀರಿ. ಕೆಳಗೆ ನನ್ನ ಹೆಸರು ಕಂಡ ಕೂಡಲೇ ಕನ್ನಡಕ ತೆಗೆದಿಡುತ್ತೀರಿ. ತೆಗೆಯಬೇಡಿ ಮಾಸ್ಟ್ರೇ, ಪೂರ್ತಿ ಓದಿ. ನೀವು ಫೋನಿಗೆ ಬರುವುದಿಲ್ಲವೆಂದು ನಿಮ್ಮ ಸೊಸೆ ಭವ್ಯಶ್ರೀ ಹೇಳಿದರು. ಅಂಚೆಗೆ ಹಾಕಿದರೆ ಯಾವ ಕಾಲಕ್ಕೆ ಮುಟ್ಟುತ್ತದೋ ದೇವರಿಗೇ ಗೊತ್ತು. ಹಾಗಾಗಿ ರಜೆಯಲ್ಲಿ ಮಂಗಳೂರಿಗೆ ಹೊರಟಿರುವ ನಮ್ಮ ಬಿಲ್ಡಿಂಗಿನ ತೆರೇಸಾಳ ಬ್ಯಾಗಿನಲ್ಲಿ ಒಂದು ಡಬ್ಬಿ ಖರ್ಜೂರದ ಜೊತೆ ಇದನ್ನು ಇಟ್ಟಿದ್ದೇನೆ.

ನಾನು ಮದುವೆಯಾಗಿ ಬಹ್ರೈನಿಗೆ ಬಂದದ್ದು ನಿಮಗೆ ಗೊತ್ತಿರಬಹುದು. ನನ್ನವರು, ಸುಂದರ, ಸಿತ್ರಾದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ. ನಾನು ಮನೆಯ ಹಾಲಿನಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತೇನೆ. ಊರಿನಿಂದ ಹಾಡುಗಾರರು ಬಂದರೆ ಪಕ್ಕದಲ್ಲಿ ಕೂತು ನುಡಿಸುತ್ತೇನೆ. ಇಷ್ಟು ವರ್ಷ ಬರೇ ಪಕ್ಕವಾದ್ಯ. ಈಗ ಇಲ್ಲಿಯ ಕರಾವಳಿ ಬಳಗದವರು ನವೆಂಬರ್ ಹದಿನಾಲ್ಕರ ಶುಕ್ರವಾರ ನನ್ನದೇ ಕಛೇರಿ ಇಟ್ಟುಕೊಂಡಿದ್ದಾರೆ. ನಡುವಿನಲ್ಲಿ ನಾನೇ.

ಬಳಗದ ಕಾರ್ಯದರ್ಶಿ ಲೀಲಾಧರ ಅವರಿಗೆ ಆಮಂತ್ರಣದಲ್ಲಿ ‘ತಮಿಳು ಸಿನಿಮಾ ತಾರೆ’ ಎಂದು ದೊಡ್ಡದಾಗಿ ಹಾಕುವ ಆಸೆ. ಮೂರು ಸಿನಿಮಾದಲ್ಲಿ ಕಂಡವಳನ್ನು ತಾರೆ ಎಂದರೆ ತಾರೆಗಳು ನಗುತ್ತವೆ. ನನಗೆ ಬೇಕಾದ್ದು ಬೇರೆ. ನನ್ನ ಹೆಸರಿನ ಕೆಳಗೆ ‘ವಿದ್ವಾನ್ ತಾರಾನಾಥ ಮಾಸ್ಟರರ ಶಿಷ್ಯೆ’ ಎಂದು ಇರಬೇಕು. 1994ರಲ್ಲಿ ‘ಇನ್ನು ಮುಂದೆ ಎಲ್ಲಿಯೂ ನನ್ನ ಹೆಸರು ಹೇಳಬೇಡ’ ಎಂದಿರಿ. ನಾನು ಹೇಳಲಿಲ್ಲ. ಯಾರು ಕೇಳಿದರೂ ‘ಮಂಗಳೂರಿನಲ್ಲಿ ಕಲಿತೆ’ ಎಂದೆ, ಅಷ್ಟೇ. ಈಗ ಹೇಳಬೇಕು ಅನಿಸುತ್ತದೆ. ಅಪ್ಪಣೆ ಕೊಡಿ.

ಒಂದು ಗೆರೆ ಬರೆದರೂ ಸಾಕು. ತೆರೇಸಾ ಹತ್ತಿರ ಕೊಡಿ, ತರುತ್ತಾಳೆ.

ಇಂತಿ,
ಉಷಾಲತಾ


ಬಿಜೈ, ಮಂಗಳೂರು
19 ಸೆಪ್ಟೆಂಬರ್ 2025

ಉಷಾಲತಾ,

ಖರ್ಜೂರ ಮುಟ್ಟಿತು. ಸಕ್ಕರೆ ಕಾಯಿಲೆಯವನಿಗೆ ಖರ್ಜೂರ ಕಳಿಸುವವರನ್ನು ಇದೇ ಮೊದಲು ಕಂಡದ್ದು. ಮೊಮ್ಮಕ್ಕಳು ತಿಂದರು.

ಕಾಗದ ಪೂರ್ತಿ ಓದಿದೆ. ಅಕ್ಷರ ಮೊದಲಿನ ಹಾಗೇ ಓಡುತ್ತದೆ, ನಿಲ್ಲಿಸಿ ಬರೆಯುವ ಅಭ್ಯಾಸ ನಿನಗೆ ಆಗಲೇ ಇಲ್ಲ.

ನನ್ನ ಮಾತು ನೇರ. ನಮ್ಮ ಪಿಟೀಲು ಕೂತು ನುಡಿಸುವ ವಾದ್ಯ. ಅದರ ಹೊಟ್ಟೆ ನಮ್ಮ ಎದೆಗೆ ತಾಗಬೇಕು, ತಲೆ ನಮ್ಮ ಬಲಪಾದದ ಮೇಲೆ ಕೂರಬೇಕು. ನನ್ನ ಗುರುಗಳು ನನಗೆ ಹಾಗೆ ಹಿಡಿಸಿದರು, ನಾನು ನಿನಗೆ ಹಾಗೆ ಹಿಡಿಸಿದೆ. ನೀನು ಅದನ್ನು ಗದ್ದಕ್ಕೆ ಸಿಕ್ಕಿಸಿಕೊಂಡು, ದೇವಸ್ಥಾನದ ಅಂಗಳದಲ್ಲಿ ನಿಂತು, ಕ್ಯಾಮೆರಾದ ಎದುರು ನುಡಿಸಿದೆ. ನಾನು ಆ ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲ. ನೋಡಿದವರು ಮನೆಗೇ ಬಂದು ಹೇಳಿಹೋದರು: ‘ನಿಮ್ಮ ಶಿಷ್ಯೆ ಬ್ಯಾಂಡಿನವರ ಹಾಗೆ ನಿಂತಿದ್ದಾಳೆ ಮಾಸ್ಟ್ರೇ.’ ಅಷ್ಟು ಸಾಕಾಯಿತು.

ಆದರೂ ನಿನಗೆ ಆಗ ಇಪ್ಪತ್ತೆರಡು. ಮದ್ರಾಸು ಹೊಸತು. ನಿಲ್ಲು ಎಂದು ಡೈರೆಕ್ಟರ್ ಗದರಿಸಿದ, ನಿಂತೆ. ನನಗೆ ಅರ್ಥವಾಗುವುದಿಲ್ಲವೆಂದಲ್ಲ.

ಹಾಗಾಗಿ ಹೆಸರು ಹಾಕಬಹುದು. ಎರಡು ಮಾತು ಮಾತ್ರ ನಡೆಸಿಕೊಡಬೇಕು. ಕಛೇರಿ ಕೂತೇ ನಡೆಯಬೇಕು. ಶುರುವಿಗೆ ಮುಂಚೆ ನೀನೇ ಮೈಕಿನಲ್ಲಿ ಹೇಳಬೇಕು: ‘ಸಿನಿಮಾದಲ್ಲಿ ನಾನು ನಿಂತದ್ದು ಬಲವಂತಕ್ಕೆ, ಅದು ನನ್ನ ಗುರುಗಳ ಪದ್ಧತಿ ಅಲ್ಲ.’

ತಾರಾನಾಥ


ಗುಫೂಲ್
3 ಅಕ್ಟೋಬರ್ 2025

ಮಾಸ್ಟ್ರೇ,

ನಿಮ್ಮ ಕಾಗದವನ್ನು ಮೂರು ದಿನ ಅಡಿಗೆಮನೆಯ ಡಬ್ಬಿಗಳ ಹಿಂದೆ ಇಟ್ಟಿದ್ದೆ. ಕೋಪದಲ್ಲಿ ಉತ್ತರ ಬರೆಯಬಾರದು ಎಂದು ಸುಂದರ ಹೇಳಿದರು. ಕೋಪ ಇಳಿಯಲೇ ಇಲ್ಲ. ಇನ್ನು ಕಾಯುವುದಿಲ್ಲ, ಬರೆಯುತ್ತೇನೆ.

ನನ್ನನ್ನು ಯಾರೂ ನಿಲ್ಲಿಸಲಿಲ್ಲ.

ಆ ಡೈರೆಕ್ಟರ್ ಪಾಪದವರು. ಅಂಗಳದಲ್ಲಿ ಮರದ ವೇದಿಕೆ ಹಾಕಿಸಿ, ಅದರ ಮೇಲೆ ಕೆಂಪು ಜಮಖಾನೆ ಹಾಸಿಸಿ, ‘ಕೂತ್ಕೋಮ್ಮಾ’ ಎಂದಿದ್ದರು. ಕೂರುವುದಿಲ್ಲ ಎಂದವಳು ನಾನು. ಹೊರಸುತ್ತಿನ ಕಂಬದ ಹತ್ತಿರ ನಿಲ್ಲುತ್ತೇನೆ, ನಿಂತೇ ನುಡಿಸುತ್ತೇನೆ, ಇಲ್ಲವಾದರೆ ಬೇರೆಯವರನ್ನು ಹುಡುಕಿಕೊಳ್ಳಿ ಎಂದೆ. ಇಡೀ ಯೂನಿಟ್ಟು ಕಣ್ಣು ಬಿಟ್ಟು ನೋಡಿತು. ಈ ಹುಡುಗಿಗೆ ತಲೆ ಸರಿ ಇಲ್ಲವೆಂದು ಯಾರೋ ಅಂದದ್ದೂ ಕೇಳಿಸಿತು.

ಕಂಬದ ಹತ್ತಿರವೇ ಯಾಕೆ? ಅಲ್ಲಿ ನನ್ನಪ್ಪ ನಿಲ್ಲುತ್ತಿದ್ದರು. ಆ ದೇವಸ್ಥಾನದಲ್ಲಿ ಅಲ್ಲ, ನಮ್ಮ ಊರಿನದರಲ್ಲಿ. ಎಲ್ಲ ದೇವಸ್ಥಾನದ ಹೊರಸುತ್ತಿನಲ್ಲೂ ವಾಲಗದವರಿಗೆ ಅಂಥ ಒಂದು ಕಂಬ ಇರುತ್ತದೆ. ನನ್ನಪ್ಪ ಚೆನ್ನು ಸೇರಿಗಾರರು ಆಯುಷ್ಯ ಇಡೀ ನಿಂತು ವಾಲಗ ಊದಿದರು. ಒಳಗೆ ಕೂತವರು ಕೇಳಿದರು. ಅವರಿಗೆ ಜಮಖಾನೆ ಹೋಗಲಿ, ಒಂದು ಮಣೆಯನ್ನೂ ಯಾರೂ ಹಾಕಲಿಲ್ಲ. ನಿಮ್ಮ ಮನೆಗೆ ನನ್ನನ್ನು ಪಾಠಕ್ಕೆ ಕರೆತಂದಾಗಲೂ ಪಾಠ ಮುಗಿಯುವ ತನಕ ಅಂಗಳದಲ್ಲಿ ನಿಂತೇ ಇದ್ದರು. ಕೂರು ಎಂದು ನೀವು ಹೇಳಿದ್ದು ನನಗೆ ನೆನಪಿಲ್ಲ. ಅವರು ಸಂಜೆ ಊದುತ್ತಿದ್ದ ಕಾಂಭೋಜಿಯನ್ನೇ ನಾನು ಆ ಸಿನಿಮಾದಲ್ಲಿ ನುಡಿಸಿದ್ದು. ರೆಕಾರ್ಡಿಂಗಿನಲ್ಲಿ ಇರುವುದೂ ನನ್ನದೇ ಕೈ. ನೋಡಿದ್ದರೆ ನಿಮಗೆ ಗೊತ್ತಾಗುತ್ತಿತ್ತು.

ಮದ್ರಾಸಿಗೆ ಕಳಿಸಿದವರು ನೀವು. ಸಭೆಗಳಿಗೆ ನಿಮ್ಮ ಶಿಫಾರಸು ಹಿಡಿದುಕೊಂಡು ಹೋದೆ. ‘ಪಕ್ಕದಲ್ಲಿ ಹೆಂಗಸು ಬೇಡ’ ಎಂದು ದೊಡ್ಡ ದೊಡ್ಡ ಹಾಡುಗಾರರು ಚಹಾ ಕುಡಿಯುತ್ತಾ ಹೇಳಿದರು. ಕರೆದವರು ಸಿನಿಮಾದವರು ಮಾತ್ರ. ಕೂರಲು ಜಾಗ ಕೊಡದವರು, ನಿಂತದ್ದಕ್ಕೆ ಬೈದರು. ಚಂದ ಉಂಟು.

ಮತ್ತೊಂದು. ವಾದ್ಯದ ತಲೆಯನ್ನು ಕಾಲಿನ ಮೇಲೆ ಇಟ್ಟರೆ ಮರ್ಯಾದೆ, ವಾದ್ಯವನ್ನೇ ಹೆಗಲಿನ ಮೇಲೆ ಹೊತ್ತರೆ ಅವಮರ್ಯಾದೆ. ಇದು ಎಂತ ಲೆಕ್ಕ ಮಾಸ್ಟ್ರೇ?

ತೆರೇಸಾ ನಿಮ್ಮ ಮನೆಯ ಸಂಗತಿ ಹೇಳಿದಳು. ಅವಳಿದ್ದಷ್ಟು ಹೊತ್ತೂ ನೀವು ಕಿಟಕಿಯ ಸರಳು ಹಿಡಿದು ನಿಂತೇ ಇದ್ದಿರಂತೆ. ಅಷ್ಟು ದೂರದಿಂದ ನನ್ನ ಕಾಗದ ತಂದವಳ ಎದುರು ಎರಡು ನಿಮಿಷ ಕೂರಲಿಲ್ಲ. ‘ಅವರಿಗೆ ನಾನು ಬೇಗ ಹೋದ್ರೆ ಸಾಕಿತ್ತು ಅಂತ ಕಾಣ್ತದೆ ಉಷಕ್ಕ’ ಎಂದಳು. ಪಿಟೀಲಿನ ಪೆಟ್ಟಿಗೆ ಕಪಾಟಿನ ಮೇಲೆ ಹತ್ತಿ ಕೂತಿದೆಯಂತೆ. ಶಿಷ್ಯರು ಯಾರೂ ಬರುವ ಹಾಗೆ ಕಾಣಲಿಲ್ಲವಂತೆ. ಎಲ್ಲರ ಮೇಲೂ ಕೋಪವೋ, ನನ್ನ ಮೇಲೆ ಮಾತ್ರವೋ?

ಈ ಕಛೇರಿಗೆ ನಾನು ಕೂತುಕೊಳ್ಳುವವಳೇ ಇದ್ದೆ, ಸತ್ಯವಾಗಿ. ನಿಮ್ಮ ಕಾಗದ ಓದಿದ ಮೇಲೆ ಮನಸ್ಸು ಬದಲಾಯಿತು. ಪೂರ್ತಿ ಕಛೇರಿ ನಿಂತೇ ನುಡಿಸುತ್ತೇನೆ. ಮೈಕಿನಲ್ಲಿ ಯಾವ ಮಾತೂ ಇಲ್ಲ.

ಉಷಾಲತಾ


ಬಿಜೈ
16 ಅಕ್ಟೋಬರ್ 2025

ಉಷಾ,

ಸಿಟ್ಟು ಬಂದರೆ ನಿನ್ನ ಅಕ್ಷರ ಚಂದ ಆಗುತ್ತದೆ. ಸ್ಪಷ್ಟ ಓದಿದೆ.

ಕೂರು ಎಂದು ನಿನ್ನಪ್ಪನಿಗೆ ನಾನು ಹೇಳಿದ್ದೇನೆ. ನೀನು ಒಳಗೆ ಸರಳೆ ವರಸೆ ತಿಕ್ಕುತ್ತಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ. ಜಗಲಿಗೆ ಬನ್ನಿ ಸೇರಿಗಾರರೇ ಎಂದೆ. ‘ಬೇಡ ಮಾಸ್ಟ್ರೇ, ನಂಗೆ ನಿಂತೇ ಅಭ್ಯಾಸ. ಕೂತ್ರೆ ಉಸಿರು ಸಿಕ್ಕುದಿಲ್ಲ’ ಎಂದ. ಮತ್ತೆ ಕರೆದೆ, ಮತ್ತೆ ಅದೇ ಮಾತು. ನಿನ್ನ ಹಟ ಎಲ್ಲಿಯದ್ದು ಎಂದು ನಾನು ಬೇರೆ ಕಡೆ ಹುಡುಕಬೇಕಾಗಿಲ್ಲ.

ಇರಲಿ. ಮರ್ಯಾದೆಯ ಮಾತು ಬಿಡು, ಕೈಯ ಮಾತು ಹೇಳುತ್ತೇನೆ. ಕೂತಾಗ ವಾದ್ಯವನ್ನು ಪಾದ ಹಿಡಿಯುತ್ತದೆ, ಎಡಗೈ ಬಿಡುವಾಗಿರುತ್ತದೆ. ತಂತಿಯ ಮೇಲೆ ಮೇಲಿನಿಂದ ಕೆಳಗೆ ಜಾರು ಎಳೆಯಲು ಅದಕ್ಕೇ ಆಗುವುದು. ನಿಂತರೆ ಹಿಡಿಯುವುದು ಗದ್ದ ಒಂದೇ. ಮೇಲಿನ ಷಡ್ಜದಿಂದ ಕೆಳಗೆ ಕೈ ಎಳೆದರೆ ಕೈಯ ಜೊತೆ ಪಿಟೀಲೂ ಬರುತ್ತದೆ. ಸಿನಿಮಾದಲ್ಲಿ ಎರಡು ನಿಮಿಷದ ಕಾಂಭೋಜಿ, ತುಂಡು ತುಂಡು ಮಾಡಿ ತೆಗೆದಿರುತ್ತಾರೆ. ಕಛೇರಿಯಲ್ಲಿ ವಿಸ್ತಾರವಾಗಿ ರಾಗ ಎತ್ತಿಕೋ, ಗೊತ್ತಾಗುತ್ತದೆ. ಜನರ ಎದುರು ವಾದ್ಯ ಕೈಬಿಟ್ಟು ಹೋದರೆ ಆ ಅವಮಾನ ನಿನ್ನದು. ಅದರಲ್ಲಿ ನನ್ನ ಹೆಸರು ಬೇಡ.

ತೆರೇಸಾಳಿಗೆ ಕಾಫಿ ಕೊಟ್ಟಿದ್ದೇವೆ. ಬೆಲ್ಲದ ಕಾಫಿ ಅವಳಿಗೆ ಸೇರಲಿಲ್ಲ. ಅದನ್ನು ಅವಳು ಹೇಳಿರಲಿಕ್ಕಿಲ್ಲ.

ತಾರಾನಾಥ


ಗುಫೂಲ್
24 ಅಕ್ಟೋಬರ್ 2025

ಮಾಸ್ಟ್ರೇ,

ಆಮಂತ್ರಣ ಅಚ್ಚಾಗಿದೆ, ಜೊತೆಗೆ ಇಟ್ಟಿದ್ದೇನೆ. ಈ ಸಲ ಕಾಗದ ತರುವವರು ರೊಕಿ, ಸುಂದರರ ಜೊತೆ ಒಂದೇ ಬಸ್ಸಿನಲ್ಲಿ ಸಿತ್ರಾಕ್ಕೆ ಹೋಗುವವರು. ಅವರಿಗೆ ಬೆಲ್ಲದ ಕಾಫಿ ಆಗುತ್ತದೆ.

ಆಮಂತ್ರಣದಲ್ಲಿ ‘ಸಿನಿಮಾ ತಾರೆ’ ಇಲ್ಲ. ನಿಮ್ಮ ಹೆಸರೂ ಇಲ್ಲ. ಏನುಂಟು ನೋಡಿ: ‘ಪಿಟೀಲು: ಉಷಾಲತಾ. ವಾಲಗದ ಚೆನ್ನು ಸೇರಿಗಾರರ ಮಗಳು.’ ಲೀಲಾಧರ ಅವರು ತಲೆ ಕೆರೆದುಕೊಂಡರು. ‘ಅಲ್ಲ ಮಾರಾಯ್ರೇ, ಗುರುಗಳ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಹಾಕುದಾ? ಯಾರೂ ಹಾಕುದಿಲ್ಲ.’ ನಾನು ಹಾಕುತ್ತೇನೆ ಎಂದೆ. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಮನುಷ್ಯ, ನನ್ನ ಎದುರು ಮಾತ್ರ ಅವರ ವಾದ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಅಪ್ಪನಿಗೆ ಕೂರು ಎಂದಿರಿ ಎನ್ನುತ್ತೀರಿ. ಅರ್ಧ ಬಾಯಲ್ಲಿ ಹೇಳಿರಬಹುದು. ಪೂರ್ತಿ ಬಾಯಲ್ಲಿ ಹೇಳಿದ್ದರೂ ಅಪ್ಪ ಕೂರುತ್ತಿರಲಿಲ್ಲ, ಆ ಮಾತು ನಾನೂ ಒಪ್ಪುತ್ತೇನೆ. ಉಸಿರಿನ ಸಂಗತಿ ನನಗೆ ಗೊತ್ತಿರಲಿಲ್ಲ. ಅವರಿಗೆ ಜಾಗ ಕೊಡಲಿಲ್ಲ, ಅದಕ್ಕೇ ನಿಂತರು ಎಂದುಕೊಂಡಿದ್ದೆ. ಬೇಕೆಂದೇ ನಿಂತಿದ್ದರೆ ಇನ್ನೂ ಒಳ್ಳೆಯದಾಯಿತು.

ಜಾರು ಎಳೆದರೆ ಪಿಟೀಲು ಬರುತ್ತದೆ ಎಂದಿರಿ. ಬಂತು. ಅಭ್ಯಾಸದಲ್ಲಿ ಸೋಫಾದ ಮೇಲೆ ಬಿತ್ತು, ಪುಣ್ಯಕ್ಕೆ ಸೋಫಾ ಇತ್ತು. ಶಾಲೆಯಲ್ಲಿ ವೆಸ್ಟರ್ನ್ ಕಲಿಯುವ ನನ್ನ ಶಿಷ್ಯೆ ಅನಿಷಾ ತನ್ನ ಹೆಗಲ ದಿಂಬು ತಂದುಕೊಟ್ಟಳು, ‘ಆಂಟಿ, ಟ್ರೈ ದಿಸ್’ ಎಂದು. ಅದು ನನಗೆ ಆಗಲಿಲ್ಲ, ಕತ್ತು ಉಳುಕಿತು. ಕೊನೆಗೆ ಸುಂದರರ ಊರಿನ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡೆ. ಮೈ ಒರೆಸುವ ಬಟ್ಟೆ, ಒರಟು, ಪಿಟೀಲು ಅದರ ಮೇಲೆ ಜಾರುವುದಿಲ್ಲ. ಸುಂದರ ನೋಡಿ, ‘ಎಂತ, ಗದ್ದೆಗೆ ಹೊರಟದ್ದಾ?’ ಎಂದು ನಕ್ಕರು. ನಗಲಿ. ಕೆಳಗೆ ಬರುವಾಗ ಕೈ ಎಳೆಯುವುದಿಲ್ಲ, ಹೆಬ್ಬೆರಳನ್ನು ಮೊದಲು ಕೆಳಗೆ ಕಳಿಸಿ ಬೆರಳುಗಳನ್ನು ಹಿಂದಿನಿಂದ ಕರೆಸಿಕೊಳ್ಳುತ್ತೇನೆ. ಹತ್ತರಲ್ಲಿ ಎಂಟು ಸಲ ಆಗುತ್ತದೆ.

ಉಳಿದ ಎರಡು ಸಲ ನೋಡೋಣ.

ಉಷಾಲತಾ


ಗುಫೂಲ್
15 ನವೆಂಬರ್ 2025

ಮಾಸ್ಟ್ರೇ,

ರೊಕಿ ಬರಿಗೈಯಲ್ಲಿ ಬಂದರು. ಕಾಗದ ಕೊಡಲಿಲ್ಲ ನೀವು, ‘ಹ್ಞೂಂ’ ಎಂದಿರಂತೆ. ಆ ಹ್ಞೂಂ ಯಾವ ಶ್ರುತಿಯಲ್ಲಿತ್ತೆಂದು ರೊಕಿಯನ್ನು ಕೇಳಿದರೆ ಅವರು ಪಾಪ ಬೆಪ್ಪಾದರು.

ನಿನ್ನೆ ಕಛೇರಿ ಆಯಿತು. ನೀವು ಕೇಳದಿದ್ದರೂ ಹೇಳುತ್ತೇನೆ.

ವೇದಿಕೆಯಲ್ಲಿ ಜಮಖಾನೆ ಹಾಸಿದ್ದರು. ನಾನು ಬೇಡವೆಂದರೂ ಲೀಲಾಧರ ಅವರು ಹಾಸಿಯೇ ಹಾಸಿದ್ದರು, ಕೊನೆಯ ಗಳಿಗೆಯಲ್ಲಿ ಕೂತಾಳು ಎಂಬ ಆಸೆ. ಮೃದಂಗದ ಯಶ್ವಂತ್ ಹೊಸ ತಕರಾರು ತೆಗೆದ: ‘ಅಕ್ಕ, ನೀವು ನಿಂತ್ರೆ ನಂಗೆ ನಿಮ್ಮ ಪಿಟೀಲಿನ ಬಿಲ್ಲು ಕಾಣುದಿಲ್ಲ. ಆಕಾಶ ನೋಡಿ ತಾಳ ಹಾಕ್ಲಾ?’ ಅದು ನಿಜ. ನಿಂತವಳ ಬಿಲ್ಲನ್ನು ನೆಲದಲ್ಲಿ ಕೂತವನು ಹೇಗೆ ನೋಡಬೇಕು? ಆ ಜಮಖಾನೆಯನ್ನು ಎತ್ತಿ ಎರಡು ಮೇಜು ಜೋಡಿಸಿ ಅದರ ಮೇಲೆ ಹಾಸಿ ಅವನನ್ನು ಮೇಲೆ ಕೂರಿಸಿದೆವು. ಮೃದಂಗದವನು ಮೇಲೆ, ಕಛೇರಿಯವಳು ನೆಲದ ಮೇಲೆ. ಮುಂದಿನ ಸಾಲಿನಲ್ಲಿ ಗುಸುಗುಸು ಆಯಿತು. ಯಾರೋ ಒಬ್ಬರು ಫೋನ್ ಎತ್ತಿ ‘ಆ ಸಿನಿಮಾದ್ದು, ಆ ಸಿನಿಮಾದ್ದು’ ಎಂದು ಕೂಗಿದರು. ಬರುತ್ತದೆ, ಕೂತ್ಕೊಳ್ಳಿ ಎಂದೆ. ಕೂತರು.

ವರ್ಣ ಸಲೀಸಾಗಿ ಹೋಯಿತು. ಮುಂದಿನ ಕೀರ್ತನೆಗಳೂ ಹೋದವು. ಆಮೇಲೆ ಕಾಂಭೋಜಿ ಎತ್ತಿಕೊಂಡೆ, ಸಿನಿಮಾದ ಎರಡು ನಿಮಿಷದ್ದಲ್ಲ, ಅಪ್ಪನದ್ದು, ಉದ್ದದ್ದು. ಮೇಲಿನ ಷಡ್ಜಕ್ಕೆ ಹೋಗಿ ನಿಂತು, ಕೆಳಗೆ ಬರುವಾಗ ಪಿಟೀಲು ಜಾರಿತು. ನೀವು ಬರೆದ ಹಾಗೇ, ನೀವು ಬರೆದ ಜಾಗದಲ್ಲೇ. ಗದ್ದದಿಂದ ಬಿಟ್ಟಿತು, ಮೊಣಕೈಯಲ್ಲಿ ಹಿಡಿದೆ. ಬಿಲ್ಲು ತಂತಿಗೆ ಕಿರ್ರೆಂದು ತಾಗಿತು. ಹಿಂದೆ ಯಾರೋ ನಕ್ಕರು. ನನಗೆ ಕಿವಿ ಬಿಸಿಯಾಯಿತು ಮಾಸ್ಟ್ರೇ, ಸುಳ್ಳು ಹೇಳುವುದಿಲ್ಲ. ಅಳು ಬಂತು. ಆ ಹೊತ್ತಿಗೆ ಲೀಲಾಧರ ಅವರು ಬದಿಯಿಂದ ಕುರ್ಚಿ ಎತ್ತಿಕೊಂಡು ಬಂದರು. ಬೇಡ ಎಂದು ಕೈ ತೋರಿಸಿದೆ. ಬೈರಾಸನ್ನು ಕೊಡವಿ ಮತ್ತೆ ಮಡಚಿ ಹೆಗಲಿಗೆ ಹಾಕಿಕೊಂಡೆ. ಅದೇ ಷಡ್ಜಕ್ಕೆ ಮತ್ತೆ ಹತ್ತಿದೆ. ಅದೇ ಜಾರು ಮತ್ತೆ ಎಳೆದೆ. ಈ ಸಲ ಬೀಳಲಿಲ್ಲ. ಸಾಲದೆಂದು ಇನ್ನೊಂದು ಸಲ ಎಳೆದೆ, ಅದು ಬೇಕಿರಲಿಲ್ಲ, ಬರೇ ಕೊಬ್ಬಿಗೆ. ಯಶ್ವಂತ್ ಮೇಜಿನ ಮೇಲಿನಿಂದ ‘ಭಲೇ’ ಎಂದ.

ಉಸಿರಿನ ಬಗ್ಗೆ ಅಪ್ಪ ಹೇಳಿದ್ದು ಸುಳ್ಳಲ್ಲ. ನಿಂತರೆ ಬಿಲ್ಲು ಉದ್ದವಾಗುತ್ತದೆ.

ನಿಮ್ಮ ಮಾತು ಸರಿಯಾಯಿತೆಂದು ನಿಮಗೆ ತಿಳಿಯಲಿ ಎಂದೇ ಇದನ್ನು ಬರೆದೆ. ಜಾರಿತು. ಆದರೂ ನಾನು ಕೂರಲಿಲ್ಲ.

ಉಷಾಲತಾ, ಚೆನ್ನು ಸೇರಿಗಾರರ ಮಗಳು


ಬಿಜೈ
28 ನವೆಂಬರ್ 2025

ಉಷಾ,

ನಿನ್ನ ಕಾಗದ ಬರುವ ಮೊದಲೇ ನಾನು ಕಛೇರಿ ನೋಡಿ ಆಗಿತ್ತು. ಯಾರೋ ವಿಡಿಯೊ ಕಳಿಸಿದ್ದಾರೆ, ಭವ್ಯಶ್ರೀ ಫೋನ್ ತಂದು ಕಿಟಕಿಯ ಮೇಲೆ ಇಟ್ಟಳು. ಬೇಡ ಎಂದೆ. ‘ನೀವು ನೋಡ್ಬೇಡಿ ಮಾವ, ನಾನು ನೋಡ್ತೇನೆ’ ಎಂದು ಶಬ್ದ ಜೋರು ಮಾಡಿದಳು. ಆ ಹೆಣ್ಣಿಗೂ ನಿನ್ನದೇ ಬುದ್ಧಿ.

ಎರಡನೆಯ ಕೀರ್ತನೆಯಲ್ಲಿ ಕಾಲಪ್ರಮಾಣ ಓಡಿತು. ಮೃದಂಗದ ಹುಡುಗನದ್ದು ತಪ್ಪಲ್ಲ, ನಿನ್ನದು. ಕಾಂಭೋಜಿಯ ಮೂರನೆಯ ಜಾರು ಕೊಬ್ಬಿಗೆ ಎಂದು ನೀನೇ ಬರೆದಿದ್ದೀ, ನನಗೂ ಹಾಗೇ ಕೇಳಿಸಿತು. ಮೊದಲಿನದ್ದು ಜಾರಿದಾಗ ನನ್ನ ಕೈ ತನ್ನಷ್ಟಕ್ಕೇ ಮುಂದೆ ಹೋಯಿತು, ಹಿಡಿಯಲಿಕ್ಕೆ. ಫೋನು ಕೆಳಗೆ ಬಿತ್ತು. ಗಾಜು ಒಡೆದಿದೆ, ಭವ್ಯಶ್ರೀ ನಿನ್ನ ಮೇಲೆ ಸಿಟ್ಟಾಗಿದ್ದಾಳೆ.

ಎರಡನೆಯದ್ದು ಸೇರಿಗಾರರದ್ದೇ. ಸಂಜೆ ಹೊತ್ತು ದೇವಸ್ಥಾನದ ದಾರಿಯಲ್ಲಿ ನಾನು ಸೈಕಲ್ ನಿಲ್ಲಿಸಿ ಅದನ್ನು ಕೇಳುತ್ತಿದ್ದೆ. ಮೂವತ್ತು ವರ್ಷದ ಮೇಲೆ ಅದು ಮತ್ತೆ ಕಿವಿಗೆ ಬಿತ್ತು. ಆ ಸಿನಿಮಾವನ್ನೂ ಹುಡುಕಿಕೊಡು ಎಂದು ಭವ್ಯಶ್ರೀಗೆ ಹೇಳಿದ್ದೇನೆ.

ಇನ್ನೊಂದು ವಿಷಯ. ತೆರೇಸಾಳ ಎದುರು ನಾನು ಕೂರದೆ ಇದ್ದದ್ದು ಕೋಪಕ್ಕಲ್ಲ. ಹೋದ ಶಿವರಾತ್ರಿಗೆ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಎತ್ತರದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರಬಹುದು, ಎದ್ದರೆ ನಿಲ್ಲುವುದು ಸುಲಭ. ನಿಲ್ಲಬಹುದು, ನಡೆಯಬಹುದು. ನೆಲದಲ್ಲಿ ಕೂರುವ ಹಾಗಿಲ್ಲ, ಕಾಲು ಮಡಚುವ ಹಾಗಿಲ್ಲ. ಇನ್ನು ಯಾವತ್ತೂ ಇಲ್ಲ ಎಂದಿದ್ದಾರೆ. ಆವತ್ತಿನಿಂದ ಪೆಟ್ಟಿಗೆ ತೆರೆಯಲಿಲ್ಲ. ಪಾಠಕ್ಕೆ ಬರುವವರಿಗೆ ಬರಬೇಡಿ ಎಂದೆ. ಕೂರಲಾಗದವನು ನುಡಿಸಬಾರದು ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದವನು. ನಿನಗೆ ಕೂರು, ಕೂರು ಎಂದು ಬರೆದದ್ದು ಕಿಟಕಿಯ ಹತ್ತಿರ ನಿಂತುಕೊಂಡೇ.

ಮುಂದಿನ ಕಛೇರಿಗೆ ನನ್ನ ಹೆಸರು ಬೇಕಾದರೆ ಹಾಕಿಕೋ. ಷರತ್ತು ಇಲ್ಲ.

ಹೆಬ್ಬೆರಳನ್ನು ಮೊದಲು ಕೆಳಗೆ ಕಳಿಸುತ್ತೇನೆ ಎಂದು ನೀನು ಬರೆದಿದ್ದೀ. ಅದು ಹೇಗೆ? ನನಗೆ ಅರ್ಥವಾಗಲಿಲ್ಲ. ಸರಿಯಾಗಿ ಬರೆ.

ತಾರಾನಾಥ


ಗುಫೂಲ್
5 ಡಿಸೆಂಬರ್ 2025

ಮಾಸ್ಟ್ರೇ,

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ, ಬೈದೆ, ಮತ್ತೆ ಅತ್ತೆ. ಶಿವರಾತ್ರಿಯಿಂದ ಪೆಟ್ಟಿಗೆ ಮುಚ್ಚಿಟ್ಟು, ನನಗೆ ಮಾತ್ರ ಅಷ್ಟುದ್ದ ಉಪದೇಶ! ನಾಚಿಕೆ ಆಗಬೇಕಿತ್ತು ನಿಮಗೆ. ನಾನು ಅಲ್ಲಿ ಇದ್ದಿದ್ದರೆ ಎದುರೇ ಹೇಳುತ್ತಿದ್ದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆನ್ಸಿ ನಾಳೆ ಊರಿಗೆ ಹೊರಡುತ್ತಾಳೆ. ಸೊಂಟದ ಆಪರೇಷನ್ ಆದವರನ್ನು ಹೇಗೆ ನಿಲ್ಲಿಸಬೇಕೆಂದು ಅವಳಿಗೆ ಗೊತ್ತುಂಟು. ಅವಳ ಕೈಯಲ್ಲಿ ಈ ಕಾಗದ, ಭವ್ಯಶ್ರೀಯ ಫೋನಿಗೆ ಹೊಸ ಗಾಜು ಮತ್ತು ಒಂದು ಬೈರಾಸು ಕೊಟ್ಟಿದ್ದೇನೆ. ಹೊಸತಲ್ಲ, ಹೊಸತು ನುಣುಪು. ನಾನು ಕಛೇರಿಗೆ ಹಾಕಿಕೊಂಡದ್ದೇ. ಖರ್ಜೂರ ಇಲ್ಲ.

ನಿಮ್ಮ ಹೆಸರಿನ ಬಗ್ಗೆ ಯೋಚಿಸಿ ಹೇಳುತ್ತೇನೆ. ಹಾಕಿದರೂ ಅಪ್ಪನ ಹೆಸರಿನ ಕೆಳಗೆ ಬರುತ್ತದೆ, ಮೇಲೆ ಅಲ್ಲ. ಅದಕ್ಕೆ ಒಪ್ಪಿಗೆ ಇದ್ದರೆ ಬರೆಯಿರಿ.

ಈಗ ಪಾಠ. ಭವ್ಯಶ್ರೀ ಕಪಾಟಿನಿಂದ ಪೆಟ್ಟಿಗೆ ಇಳಿಸಲಿ, ನೀವು ಕೈ ಹಾಕಬೇಡಿ. ತಂತಿ ಸತ್ತಿರುತ್ತದೆ, ಬದಲಿಸಿ. ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಿ, ಸರಳು ಬೆನ್ನಿಗೆ ತಾಗಿರಲಿ. ಪಾದ ಎರಡೂ ಅಗಲ. ಬೈರಾಸು ನಾಲ್ಕು ಮಡಿಕೆ, ಎಡ ಹೆಗಲಿಗೆ. ಗದ್ದ ಒತ್ತಬೇಡಿ, ತಲೆಯ ಭಾರ ಬಿಟ್ಟರೆ ಸಾಕು. ಕೆಳಗೆ ಇಳಿಯುವಾಗ ಹೆಬ್ಬೆರಳು ಮೊದಲು ಹೋಗಿ ಜಾಗ ಹಿಡಿಯುತ್ತದೆ, ಬೆರಳುಗಳು ಆಮೇಲೆ ತಂತಿಯ ಮೇಲೆ ಜಾರಿಕೊಂಡು ಅದರ ಹತ್ತಿರ ಬರುತ್ತವೆ. ಮೊದಲ ದಿನ ಬೀಳುತ್ತದೆ. ಬದಿಯಲ್ಲಿ ಹಾಸಿಗೆ ಇರಲಿ. ಬಿದ್ದರೆ ಯಾರಾದರೂ ನಗಬಹುದು, ಮತ್ತೆ ಅದೇ ಷಡ್ಜಕ್ಕೆ ಹತ್ತಿ.

ಸರಳೆ ವರಸೆಯಿಂದ ಶುರು ಮಾಡಿ. ನನಗೆ ಹೇಳಿಕೊಡುವಾಗ ನೀವು ಬೆನ್ನು ನೆಟ್ಟಗಿಲ್ಲ ಎಂದು ಬಿಲ್ಲಿನಿಂದಲೇ ಬೆನ್ನಿಗೆ ತಟ್ಟುತ್ತಿದ್ದಿರಿ. ಆನ್ಸಿಗೆ ಅದನ್ನೂ ಹೇಳಿ ಕಳಿಸಿದ್ದೇನೆ.

ಓದಿ ಆಯಿತಲ್ಲ? ಕನ್ನಡಕ ತೆಗೆದಿಡಿ. ಎದ್ದು ನಿಲ್ಲಿ ಮಾಸ್ಟ್ರೇ.

ಉಷಾ